ಹೊಸ ಹೋಸ್ಟಿಂಗ್‌ಗೆ ಸಾಗಿಸಿದ ಮೇಲೆ ಕನ್ನಡ ಬರಹಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ, ಏನು ಮಾಡಬೇಕು?

ಕುಂಬಳೆ ಕಡೆಯ ನಿಮ್ಮ ಯಕ್ಷಗಾನ ಸಂಘದ ವರ್ಡ್‌ಪ್ರೆಸ್ ಜಾಲತಾಣವನ್ನು ಹೊಸ ಹೋಸ್ಟಿಂಗ್‌ಗೆ ಸಾಗಿಸಿದ ಬಳಿಕ ಮುಖಪುಟ ತೆರೆದುಕೊಂಡರೂ ಒಳಗಿನ ಲೇಖನಗಳಿಗೆ 404 (ಪುಟ ಸಿಗಲಿಲ್ಲ ಎಂಬ ದೋಷ) ಬರುತ್ತಿದೆ, ಕನ್ನಡ ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಕಾಣುತ್ತಿವೆ ಎಂದು ಕೇಳಿದ್ದೀರಿ. ಬದಿಯಡ್ಕದಲ್ಲಿ ಕುಳಿತು ಇಂತಹ ಸಂಘ, ಶಾಲೆ, ವಾಚನಾಲಯಗಳ ತಾಣಗಳನ್ನೇ ನೋಡಿಕೊಳ್ಳುವ ನಾನು ಮೊದಲು ಹೇಳುವುದು ಇಷ್ಟು: ಹಳೆಯ ಹೋಸ್ಟಿಂಗ್ ಖಾತೆಯನ್ನು ಸದ್ಯಕ್ಕೆ ಮುಚ್ಚಬೇಡಿ, ಹೊಸ ತಾಣದಲ್ಲಿ ಯಾವ ಲೇಖನವನ್ನೂ ತಿದ್ದಿ ಉಳಿಸಬೇಡಿ. ನಮ್ಮ ಗಡಿನಾಡಿನ ಪ್ರಸಂಗ, ತಾಳಮದ್ದಳೆಗಳ ಬಗ್ಗೆ ಹಿರಿಯರಿಂದ ಕೇಳಿ ಬರೆದುಕೊಂಡ ಎಷ್ಟೋ ಸಂಗತಿಗಳು ಇಂತಹ ತಾಣಗಳಲ್ಲಿ ಬಿಟ್ಟು ಬೇರೆಲ್ಲಿಯೂ ಇಲ್ಲ.

404 ಸುಲಭದ್ದು. ಕೊಂಡಿಗಳ ನಿಯಮಗಳನ್ನು ಸರ್ವರ್‌ಗೆ ತಿಳಿಸುವ, ಚುಕ್ಕೆಯಿಂದ ಆರಂಭವಾಗುವ ಎಚ್‌ಟಿಆಕ್ಸೆಸ್ ಎಂಬ ಕಡತವು ಫೈಲ್ ಮ್ಯಾನೇಜರ್‌ನಲ್ಲಿ ಅಡಗಿರುವುದರಿಂದ ನಕಲು ಮಾಡುವಾಗ ಹೆಚ್ಚಾಗಿ ಬಿಟ್ಟುಹೋಗುತ್ತದೆ. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟಕ್ಕೆ ಹೋಗಿ, ಏನನ್ನೂ ಬದಲಿಸದೆ ಸೇವ್ ಒತ್ತಿದರೆ ವರ್ಡ್‌ಪ್ರೆಸ್ ಅದನ್ನು ತಾನೇ ಬರೆದುಕೊಳ್ಳುತ್ತದೆ. ಹೊಸ ಸರ್ವರ್ ಎಂಜಿನ್‌ಎಕ್ಸ್ ಎಂಬ ತಂತ್ರಾಂಶದಲ್ಲಿ ನಡೆಯುತ್ತಿದ್ದರೆ ಅದು ಈ ಕಡತವನ್ನು ಓದುವುದೇ ಇಲ್ಲ. ಆಗ ಆ ಕೊಂಡಿಗಳ ನಿಯಮವನ್ನು ಸರ್ವರ್‌ನಲ್ಲಿಯೇ ಹಾಕಿಕೊಡುವಂತೆ ಹೋಸ್ಟಿಂಗ್‌ನವರನ್ನು ಕೇಳಬೇಕು.

ಇನ್ನು ಅಕ್ಷರಗಳ ವಿಷಯ. ಹೊಸ ಖಾತೆಯ ಪಿಎಚ್‌ಪಿಮೈಅಡ್ಮಿನ್ (ಡೇಟಾಬೇಸನ್ನು ನೋಡುವ ಸಾಧನ) ತೆರೆದು, ಲೇಖನಗಳಿರುವ ಪೋಸ್ಟ್ಸ್ ಟೇಬಲ್‌ನಲ್ಲಿ ಒಂದು ಲೇಖನವನ್ನು ನೋಡಿ. ಅಲ್ಲಿ ಕನ್ನಡ ಸರಿಯಾಗಿ ಕಂಡರೆ ಬರಹ ಸುರಕ್ಷಿತವಾಗಿದೆ. ಡಬ್ಲ್ಯುಪಿ-ಕಾನ್ಫಿಗ್ ಕಡತದಲ್ಲಿ ಅಕ್ಷರಗಳ ಸಂಕೇತಪದ್ಧತಿಯನ್ನು ಹೇಳುವ ಡಿಬಿ ಕ್ಯಾರ್‌ಸೆಟ್ ಸಾಲಿನ ಮೌಲ್ಯವನ್ನು ಯುಟಿಎಫ್8ಎಂಬಿ4 (ಎಲ್ಲ ಲಿಪಿಗಳಿಗೂ ಒಗ್ಗುವ ಯುಟಿಎಫ್-8) ಎಂದು ಬದಲಿಸಿದರೆ ಬಹುತೇಕ ಸರಿಹೋಗುತ್ತದೆ. ಅಲ್ಲಿಯೂ ಪ್ರಶ್ನಾರ್ಥಕ ಚಿಹ್ನೆಗಳೇ ಇದ್ದರೆ, ಡೇಟಾಬೇಸನ್ನು ತುಂಬಿಸುವಾಗಲೇ ಅಕ್ಷರಗಳು ಅಳಿದಿವೆ ಎಂದರ್ಥ. ಆ ಪ್ರತಿಯಿಂದ ಅವುಗಳನ್ನು ಮರಳಿ ಪಡೆಯಲು ಸಾಧ್ಯವಿಲ್ಲ, ಹಳೆಯ ಖಾತೆಯಿಂದಲೇ ಮತ್ತೆ ತರಬೇಕು.

ಮೂರನೆಯ ಸಾಧ್ಯತೆಯೂ ಉಂಟು. ತಲೆಯ ಮೇಲೆ ಗೆರೆಯಿರುವ ಇಂಗ್ಲಿಷಿನ ಎ, ಅದರ ಪಕ್ಕದಲ್ಲಿ ಮೇಲಕ್ಕೇರಿಸಿದ ಚಿಕ್ಕ 2 ಅಥವಾ 3, ಮತ್ತೊಂದು ಚಿಹ್ನೆ, ಪುನಃ ಅದೇ ಎ, ಹೀಗೆ ಸಾಲುಗಟ್ಟಿರುವುದು ಕಂಡರೆ ಗಾಬರಿಪಡಬೇಡಿ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೂ ಮೂರು ಬೈಟ್‌ಗಳು ಬೇಕು, ಅವುಗಳನ್ನು ಒಂದೊಂದಾಗಿ ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಹಳೆಯ ಸಂಕೇತಪದ್ಧತಿ) ಎಂದು ಓದಿದಾಗ ಈ ರೂಪ ಬರುತ್ತದೆ. ನಮ್ಮಲ್ಲಿ ಮಲಯಾಳಂ ಪುಟಗಳೂ ಇರುವ ತಾಣಗಳಲ್ಲಿ ಆ 2, 3ರ ಜಾಗದಲ್ಲಿ ಬೇರೆ ಗುರುತುಗಳು ಕಾಣುತ್ತವೆ. ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್‌ನ 8.0ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಲ್ಯಾಟಿನ್1 ಪೂರ್ವನಿಯೋಜಿತವಾಗಿದ್ದುದರಿಂದ ಹಳೆಯ ಕನ್ನಡ ತಾಣಗಳಲ್ಲಿ ಇದು ಸಾಮಾನ್ಯ. ಹಳೆಯ ಖಾತೆಯ ಡೇಟಾಬೇಸನ್ನು ಲ್ಯಾಟಿನ್1 ಆಗಿಯೇ ಡಂಪ್ (ಇಡೀ ಡೇಟಾಬೇಸಿನ ಪ್ರತಿಯಿರುವ ಕಡತ) ತೆಗೆದು, ಆ ಕಡತದೊಳಗೆ ಸೆಟ್ ನೇಮ್ಸ್ ಸಾಲಿನಲ್ಲಿಯೂ ಟೇಬಲ್‌ಗಳ ಕ್ಯಾರ್‌ಸೆಟ್‌ನಲ್ಲಿಯೂ ಯುಟಿಎಫ್8ಎಂಬಿ4 ಎಂದು ತಿದ್ದಿ, ಖಾಲಿ ಡೇಟಾಬೇಸ್‌ಗೆ ತುಂಬಿಸಿದರೆ ಕನ್ನಡ ಮರಳುತ್ತದೆ. ಈ ನಡುವೆ ಯಾರಾದರೂ ಹೊಸ ಲೇಖನ ಸೇರಿಸಿದರೆ ಒಂದೇ ಟೇಬಲ್‌ನಲ್ಲಿ ಎರಡು ಬಗೆಯ ಬರಹ ಬೆರೆತು, ಒಂದನ್ನು ಸರಿಪಡಿಸುವಾಗ ಇನ್ನೊಂದು ಕೆಡುತ್ತದೆ. ಉಳಿಸಬೇಡಿ ಎಂದು ಆರಂಭದಲ್ಲಿಯೇ ಒತ್ತಿ ಹೇಳಿದ್ದು ಇದಕ್ಕಾಗಿ.

ಹಳೆಯ ಖಾತೆಯ ಅವಧಿ ಮುಗಿದುಹೋಗಿದ್ದರೂ ಒಂದು ದಾರಿಯಿದೆ. ಕನ್ನಡ ಶೀರ್ಷಿಕೆಯಿಂದ ಹುಟ್ಟಿದ ಕೊಂಡಿಯನ್ನು ವರ್ಡ್‌ಪ್ರೆಸ್ ಶೇಕಡಾ ಚಿಹ್ನೆ, ಅಂಕಿ ಮತ್ತು ಇಂಗ್ಲಿಷ್ ಅಕ್ಷರಗಳ ರೂಪದಲ್ಲಿ ಇಡುವುದರಿಂದ ಅದು ಈ ಗೊಂದಲದಲ್ಲಿಯೂ ಕೆಡುವುದಿಲ್ಲ. ಕೊಂಡಿಯನ್ನು ಇಡುವ ಕಾಲಂನ ಮಿತಿ 200 ಅಕ್ಷರ, ಒಂದು ಕನ್ನಡ ಸಂಕೇತಕ್ಕೆ 9 ಬೇಕು. ಹಾಗಾಗಿ ಶೀರ್ಷಿಕೆಯ ಮೊದಲ ಇಪ್ಪತ್ತೆರಡು ಸಂಕೇತಗಳಷ್ಟೇ ದೊರೆತರೂ ಯಾವ ಲೇಖನ ಎಂದು ಗುರುತಿಸಿ, ಬರೆದವರ ಬಳಿ ಮೂಲಪ್ರತಿ ಕೇಳಬಹುದು. ಕೊಂಡಿಗಳನ್ನು ಮಾತ್ರ ಬದಲಿಸಬೇಡಿ.

ಪೋಸ್ಟ್ಸ್ ಟೇಬಲ್‌ನಲ್ಲಿ ನಿಮಗೆ ಕಂಡದ್ದು ಈ ಮೂರರಲ್ಲಿ ಯಾವುದು, ಹಳೆಯ ಖಾತೆ ಇನ್ನೂ ತೆರೆದಿದೆಯೇ ಎಂಬುದನ್ನು ಬರೆಯಿರಿ, ಡಂಪ್ ತೆಗೆಯುವ ಕ್ರಮವನ್ನು ಅದಕ್ಕೆ ತಕ್ಕಂತೆ ತಿಳಿಸುತ್ತೇನೆ.