ಎದೆ ಹಿಡಿದರೆ ಗ್ಯಾಸ್ ಅಂತ ಸುಮ್ಮನಿರಬೇಡಿ

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಗೂಡ್ಸ್ ಆಟೊ ಓಡಿಸುತ್ತಾರೆ, ಬೀಡಿ ಸೇದುತ್ತಾರೆ. ಎರಡು ಮೂರು ವಾರದಿಂದ ಮೂಟೆ ಎತ್ತಿದಾಗ ಎದೆ ಹಿಡಿದ ಹಾಗಾಗುತ್ತದಂತೆ. ಕೂತರೆ ಕಡಿಮೆಯಾಗುತ್ತದೆ. ಗ್ಯಾಸ್ ಎಂದು ಮಾತ್ರೆ ನುಂಗುತ್ತಾರೆ. ಹಾಸನದಲ್ಲಿ ಹೃದಯಾಘಾತದಿಂದ ಆದ ಸಾವುಗಳ ಸುದ್ದಿ ಕೇಳಿದಾಗಿನಿಂದ ನನಗೆ ಭಯ. ಹೊಗೆಸೊಪ್ಪಿನ ದುಡ್ಡು ಬಂದ ಮೇಲೆ ಬೆಂಗಳೂರಿನಲ್ಲಿ ಪೂರ್ತಿ ಚೆಕಪ್ ಮಾಡಿಸೋಣವೇ?
– ಹೆಸರು ಬೇಡ, ಅರಕಲಗೂಡು ತಾಲ್ಲೂಕು

ಉತ್ತರ: ದುಡ್ಡು ಬರುವವರೆಗೆ ಕಾಯಬೇಡಿ ಅಮ್ಮಾ. ಇದನ್ನು ಓದಿದ ದಿನವೇ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಭಾರ ಎತ್ತಿದಾಗ ಹಿಡಿದು, ಕೂತರೆ ಬಿಡುವ ಎದೆನೋವನ್ನು ನಾನು ಗ್ಯಾಸ್ ಎನ್ನುವುದಿಲ್ಲ. ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಎಂದೇ ಮೊದಲು ಅನುಮಾನಿಸುತ್ತೇನೆ. ಅಲ್ಲಿಯವರೆಗೆ ಅವರು ಮೂಟೆ ಎತ್ತುವುದು ಬೇಡ.

ಆಸ್ಪತ್ರೆಯಲ್ಲಿ ಇಸಿಜಿ ಮಾಡುತ್ತಾರೆ. ಅದು ನಾರ್ಮಲ್ ಬಂದರೆ ಎದ್ದು ಬಂದುಬಿಡಬೇಡಿ. ನೋವಿಲ್ಲದ ಹೊತ್ತಿನಲ್ಲಿ ತೆಗೆದ ಇಸಿಜಿ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ‘ಮೂಟೆ ಎತ್ತಿದಾಗ ಬರುತ್ತೆ, ಕೂತರೆ ಹೋಗುತ್ತೆ, ಈಚೆಗೆ ಶುರುವಾಗಿದ್ದು’ ಎಂದು ನೀವೇ ಬಾಯಿಬಿಟ್ಟು ಹೇಳಿ. ಗಂಡಸರು ಡಾಕ್ಟರ ಎದುರು ‘ಏನಿಲ್ಲ ಸಾರ್, ಸ್ವಲ್ಪ ಉರಿ’ ಎಂದು ಮುಗಿಸಿಬಿಡುತ್ತಾರೆ. ನಿಮ್ಮ ಮಾತು ಕೇಳಿದರೆ ಮುಂದಿನ ಪರೀಕ್ಷೆ ಯಾವುದು, ಎಲ್ಲಿ ಎಂದು ಅವರೇ ಹೇಳುತ್ತಾರೆ.

ಹಾಸನದ ವಿಷಯ. 2025ರಲ್ಲಿ ಆ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನ ಸಾಲುಗಟ್ಟಿ ನಿಂತರು. ನನಗೆ ಸಂಕಟವಾಯಿತು. ಏನೂ ತೊಂದರೆ ಇಲ್ಲದವರಿಗೆ ಊರಿನಲ್ಲೇ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿದರೆ ಆರಂಭಕ್ಕೆ ಸಾಕು. ಬಿಪಿ ಪದೇ ಪದೇ 140/90 ದಾಟಿದರೆ ಮಾತ್ರೆ ಬೇಕಾಗಬಹುದು. ಶುರು ಮಾಡಿದ ಮೇಲೆ ‘ಈಗ ಚೆನ್ನಾಗಿದ್ದೀನಿ’ ಎಂದು ತಾವೇ ನಿಲ್ಲಿಸುವುದೇ ದೊಡ್ಡ ಅಪಾಯ. ಉಪ್ಪು ದಿನಕ್ಕೆ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳವೂ ಆ ಲೆಕ್ಕಕ್ಕೇ ಸೇರುತ್ತೆ.

ಬೀಡಿ ಪೂರ್ತಿ ಬಿಡಲೇಬೇಕು. ಹೊಗೆ ರಕ್ತನಾಳದ ಒಳಪದರವನ್ನು ಕೆಡಿಸುತ್ತದೆ, ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಬಿಟ್ಟ ಒಂದು ವರ್ಷಕ್ಕೆ ಹೃದಯಕ್ಕಿದ್ದ ಹೆಚ್ಚಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಇಷ್ಟರಲ್ಲೇ ನೋವು ಕೂತರೂ ಬಿಡದೆ ಹತ್ತು ನಿಮಿಷ ದಾಟಿತು, ಬೆವರು ಬಂತು, ಎಡಗೈಗೋ ದವಡೆಗೋ ಹರಿಯಿತು ಅಂದರೆ ಸೋಡಾ, ಜೀರಿಗೆ ನೀರು ಎಂದು ಹೊತ್ತು ಕಳೆಯಬೇಡಿ. 108ಕ್ಕೆ ಫೋನ್ ಮಾಡಿ. ಅವರು ತಾವೇ ಆಟೊ ಓಡಿಸಿಕೊಂಡು ಹೋಗುವುದು ಬೇಡ. ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ. ನಿಮ್ಮಲ್ಲಿ ರಾತ್ರಿಯೂ ಸಿಗುತ್ತದೆಯೇ ಎಂದು ಹೋದಾಗಲೇ ಕೇಳಿಟ್ಟುಕೊಳ್ಳಿ. ಮೊದಲ ಒಂದೆರಡು ಗಂಟೆಯಲ್ಲಿ ಕೊಟ್ಟರೆ ಅದರಿಂದ ಆಗುವ ಉಪಕಾರವೇ ಬೇರೆ.

ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಮಾತೂ ಇಲ್ಲವಲ್ಲ? ನಿಮ್ಮ ಬಿಪಿ, ಸಕ್ಕರೆ ಯಾವಾಗ ನೋಡಿಸಿದ್ದೀರಿ? ಹೆಂಗಸರಿಗೆ ಎಷ್ಟೋ ಸಲ ಎದೆನೋವೇ ಜೋರಾಗಿ ಬರುವುದಿಲ್ಲ; ಸುಸ್ತು, ಏದುಸಿರು, ವಾಂತಿ ಬಂದ ಹಾಗೆ, ಅಷ್ಟೇ. ಅವರ ಜೊತೆ ಹೋದ ದಿನ ನೀವೂ ಒಂದು ಚೀಟಿ ಮಾಡಿಸಿ.