ಗಮ್ ಕೊಟ್ಟಿರಿ ಸರಿ, ಜಗಿಯೋದು ತೋರಿಸಿದಿರಾ?

ಈ ಸಲದ ಪ್ರಶ್ನೆಗಳೆಲ್ಲ ತಂಬಾಕು ಬಿಡಿಸುವ ಬಗ್ಗೆ, ನರ್ಸ್‌ಗಳು, ಆಶಾ ಕಾರ್ಯಕರ್ತೆಯರು, ಹೊಸ ಡಾಕ್ಟರ್‌ಗಳಿಂದ ಬಂದಿವೆ. ತಂಬಾಕಿನಿಂದ ಏನೇನಾಗುತ್ತದೆ ಅಂತ ನಿಮಗೆ ಪಾಠ ಮಾಡುವುದಿಲ್ಲ.

ಚಿತ್ತಾಪುರ ತಾಲ್ಲೂಕಿನಲ್ಲಿ ನರ್ಸ್ ಆಗಿದ್ದೇನೆ. ಫರ್ಸಿ ಕಲ್ಲಿನ ಗಣಿ ಕೆಲಸದವರಿಗೆ ಗುಟ್ಕಾ ಬಿಡಿ ಅಂದರೆ "ಹೂಂರಿ ಸಿಸ್ಟರ್, ನಾಳಿಂದ ಬಿಡ್ತೀನ್ರಿ" ಅಂತಾರೆ. ತಂಬಾಕಿನ ಬದಲು ಜಗಿಯುವ ನಿಕೋಟಿನ್ ಗಮ್ ಕೊಟ್ಟರೆ ಎದೆ ಉರೀತದೆ ಅಂತ ಎಸೆಯುತ್ತಾರೆ. ಏನು ಮಾಡಲಿ?

ಇದನ್ನೇ ಎಷ್ಟು ಜನ ಕೇಳುತ್ತೀರಿ! ಗಮ್ ಹೇಗೆ ಜಗಿಯಬೇಕು ಅಂತ ತೋರಿಸಿದ್ದೀರಾ? ನಾನೂ ಮೊದಮೊದಲು ಸುಮ್ನೆ ಚೀಟಿ ಬರೆದು ಕಳಿಸಿದವನೇ. ಗುಟ್ಕಾ ಜಗಿದು ಪಳಗಿದ ದವಡೆ ಗಮ್ಮನ್ನೂ ಕಚಕಚ ಜಗಿಯುತ್ತದೆ. ನಿಕೋಟಿನ್ ಉಗುಳಿನ ಜೊತೆ ಹೊಟ್ಟೆಗೆ ಇಳಿಯುತ್ತದೆ. ಆಮೇಲೆ ಬಿಕ್ಕಳಿಕೆ, ಎದೆ ಉರಿ. ನಿಕೋಟಿನ್ ಮೈಗೆ ಸೇರಬೇಕಾದ್ದು ಕೆನ್ನೆಯ ಒಳಗಿನಿಂದ. ನಿಧಾನ ಜಗಿದು, ಬಾಯಿ ಜುಮ್ ಅಂದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ವಸಡಿನ ನಡುವೆ ಒತ್ತಿಡಬೇಕು. ಜುಮ್ ಹೋದರೆ ಮತ್ತೆ ಸ್ವಲ್ಪ ಜಗಿಯಬೇಕು. ಹೀಗೆ ಅರ್ಧ ಗಂಟೆ. ತಂಬಾಕಿಗೆ ಸುಣ್ಣ ತಿಕ್ಕಿ ಒತ್ತಿಡುವವರಿಗೆ ಜಾಗ ಹೇಳಿಕೊಡಬೇಕಿಲ್ಲ, ಅಲ್ವಾ? ಆದರೆ ಅಲ್ಲಿ ಬಿಳಿ ಮಚ್ಚೆ ಕಂಡರೆ ಮೊದಲು ದಂತ ವೈದ್ಯರ ಹತ್ತಿರ ಕಳಿಸಿ. ಗಮ್ ಬಾಯಲ್ಲಿರುವಾಗ, ಅದಕ್ಕೆ 15 ನಿಮಿಷ ಮೊದಲು ಕೂಡ, ಚಹಾ ಬೇಡ.

ದಿನಕ್ಕೆ ಎಷ್ಟು ಗುಟ್ಕಾ ಪ್ಯಾಕೆಟ್ ಅಂತ ಮಾತ್ರ ಕೇಳಬೇಡಿ. ಎದ್ದು ಎಷ್ಟು ಹೊತ್ತಿಗೆ ಮೊದಲನೆಯದು ಅಂತ ಕೇಳಿ. ಅರ್ಧ ಗಂಟೆಯೊಳಗೆ ಬೇಕು ಅನ್ನುವವರಿಗೆ ಸಾಮಾನ್ಯವಾಗಿ 4 ಮಿಲಿಗ್ರಾಂ ಗಮ್, ಉಳಿದವರಿಗೆ 2. ಹೊಸದಾಗಿ ಹೃದಯಾಘಾತ ಆದವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಯಾಕೆ ಹಾಕುತ್ತಾರೆ ಅಂತಲೂ ಕೇಳಿ. ನನ್ನ ಹತ್ತಿರ ಬಂದ ಒಬ್ಬರು ಹಸಿವು ತಡೆಯಲು ಹಾಕುತ್ತಿದ್ದರು. ರೊಟ್ಟಿ ಕಟ್ಟಿಕೊಂಡು ಹೋಗಿ ಅಂದಿದ್ದೇ ಅರ್ಧ ಚಿಕಿತ್ಸೆ ಆಯಿತು.

"ನಾಳಿಂದ" ಅನ್ನುವವರಿಂದ ತಾರೀಖು ಹೇಳಿಸಿ, ಎರಡು ವಾರದೊಳಗಿನದು. ಶ್ರಾವಣ ಹತ್ತಿರ ಇದ್ದರೆ ಅದರ ಮೊದಲ ಸೋಮವಾರ ಒಳ್ಳೆಯದು. ಆಗ ಹೇಗೂ ಎಷ್ಟೋ ಮನೆಗಳಲ್ಲಿ ಮಾಂಸ ಬಿಟ್ಟಿರುತ್ತಾರೆ. ಮಾಂಸದ ಹಾಗೆ ಇದೂ ಶ್ರಾವಣ ಮುಗಿದ ಮೇಲೆ ವಾಪಸ್ ಬರದಂತೆ ನೋಡಿಕೊಳ್ಳಿ. ಮೊದಲ ವಾರ ಚಡಪಡಿಕೆ ಜಾಸ್ತಿ. ಮೂರನೇ ದಿನ ನೀವೇ ಫೋನ್ ಮಾಡಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ಉಚಿತ ಸಹಾಯವಾಣಿ 1800-11-2356 ಇದೆ, ಚೀಟಿಯಲ್ಲಿ ಬರೆದುಕೊಡಿ. ಮತ್ತೆ ಹಾಕಿಕೊಂಡರೆ ಬೈಯಬೇಡಿ. ಬೈದರೆ ಮುಂದಿನ ಸಲ ಬಾಯಿ ತೊಳೆದು ಬಂದು ಸುಳ್ಳು ಹೇಳುತ್ತಾರೆ.

ಇ-ಸಿಗರೇಟ್ ಹೇಳಬಹುದಾ?

2019ರಿಂದ ದೇಶದಲ್ಲೇ ನಿಷೇಧ.

ತಂಬಾಕು ಬಿಟ್ಟು ಬರೀ ಅಡಿಕೆ ಹಾಕಿದರೆ?

ಬಾಯಿ ತೆರೆಯಲಾಗದಂತೆ ಬಿಗಿಯುವುದು ಅಡಿಕೆಯಿಂದಲೇ. ಅಡಿಕೆಯೂ ಕ್ಯಾನ್ಸರ್ ತರುತ್ತದೆ. ಬೇಡ.

ಗಂಡನಿಗೆ ಗೊತ್ತಾಗದಂತೆ ಚಹಾದಲ್ಲಿ ಬೆರೆಸುವ ಚಟ ಬಿಡಿಸುವ ಪುಡಿ ಕೊಡಿಸಲೇ ಅಂತ ಹೆಂಗಸರು ಕೇಳುತ್ತಾರೆ.

ಬಸ್ ಸ್ಟ್ಯಾಂಡ್ ಗೋಡೆಗೆ ಅಂಟಿಸಿದ ಆ ಪುಡಿಯ ಜಾಹೀರಾತುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪುಡಿಯಲ್ಲಿ ಏನಿದೆ ಅಂತ ಮಾರುವವನೂ ಹೇಳಲ್ಲ. ಬಿಪಿ, ಶುಗರ್ ಮಾತ್ರೆ ನುಂಗುವ ಮನುಷ್ಯನಿಗೆ ಅದನ್ನು ಕದ್ದು ಕುಡಿಸಿ ಏನಾದರೂ ಆದರೆ ಯಾರು ಹೊಣೆ? ಹಾಗೆ ಕೇಳಿದ ಹೆಂಗಸಿಗೆ ಗಂಡನನ್ನೇ ಕರೆದುಕೊಂಡು ಬಾ ಅನ್ನಿ. ಆಕೆ ಹಲ್ಲಿಗೆ ಮಿಶ್ರಿ ತಿಕ್ಕುತ್ತಾಳಾ ಅಂತಲೂ ಕೇಳಿ. ಅದೂ ಸುಟ್ಟ ತಂಬಾಕೇ.