ರಾತ್ರಿ ಹತ್ತರ ಮೇಲೆ ಕೀ ಯಾರ ಹತ್ತಿರ?

ಕಾಲೇಜು ಶುರುವಾಗುವ ಕಾಲ. ಈ ತಿಂಗಳು ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಾಸ್ಟೆಲ್, ಪಿಜಿಗಳದ್ದೇ. ಅಗ್ನಿಶಾಮಕ ಠಾಣೆಗಳಲ್ಲಿ 31 ವರ್ಷ ಓಡಾಡಿ, ದಾವಣಗೆರೆಯಲ್ಲಿ ಆರಾಮಾಗಿ ಕೂತವನಿಗೆ ಮತ್ತೆ ಡ್ಯೂಟಿ ಬಿದ್ದ ಹಾಗಾಯಿತು. ಸರಿ, ಒಂದೊಂದೇ ನೋಡೋಣ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಪಿಜಿಯಲ್ಲಿದ್ದಾಳೆ. ನಾಲ್ಕನೇ ಮಹಡಿ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ, ಕಿಟಕಿಗೆಲ್ಲ ಗ್ರಿಲ್. ಸೇರಿಸುವಾಗ ಅದನ್ನು ನೋಡಿಯೇ ಸಮಾಧಾನವಾಗಿತ್ತು. ಟೀವಿಯಲ್ಲಿ ಬೆಂಕಿ ಸುದ್ದಿ ನೋಡಿದ ಮೇಲೆ ಅದೇ ಬೀಗ ನೆನಪಾಗಿ ನಿದ್ದೆ ಬರುತ್ತಿಲ್ಲ. ಅವರನ್ನು ಏನಂತ ಕೇಳಲಿ?
– ಒಬ್ಬ ತಾಯಿ, ಸಾಗರ

ಉತ್ತರ: ಬೀಗ ಹಾಕಲಿ ಅಮ್ಮಾ, ಬೇಡ ಅನ್ನೋಲ್ಲ. ನನಗೂ ಮಗಳಿದ್ದಾಳೆ. ಆದರೆ ಕೀ ಯಾರ ಹತ್ತಿರ ಇರುತ್ತದೆ ಅಂತ ಕೇಳಿ.

ಒಮ್ಮೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್‌ನಿಂದ ಬೆಳಗಿನ ಜಾವ ಮೂರರ ಹೊತ್ತಿಗೆ ಕಾಲ್ ಬಂತು. ಕೆಳಗಿನ ಸ್ಟೋರ್ ರೂಮಿನಲ್ಲಿ ಹಳೇ ಹಾಸಿಗೆಗಳ ರಾಶಿಗೆ ಬೆಂಕಿ. ದೊಡ್ಡ ಬೆಂಕಿಯೇನಲ್ಲ. ಆದರೆ ಫೋಮ್ ಹಾಸಿಗೆಯ ಹೊಗೆ ಇದೆಯಲ್ಲ, ಡಾಂಬರಿನ ಹಾಗೆ ಕಪ್ಪಗೆ, ದಪ್ಪಗೆ ಬರುತ್ತದೆ. ಕೊಲಾಪ್ಸಿಬಲ್ ಗೇಟಿನ ಒಳಗೆ ಹುಡುಗಿಯರು, ಹೊರಗೆ ನಾವು, ನಡುವೆ ಏಳು ಲಿವರಿನ ಬೀಗ. ವಾರ್ಡನ್ ಮದುವೆಗೆ ಹೋಗಿದ್ದರು. ಕೀ ಅವರ ವ್ಯಾನಿಟಿ ಬ್ಯಾಗಿನಲ್ಲಿ, ಬ್ಯಾಗು ತಿಪಟೂರಿನಲ್ಲಿ. ನಮ್ಮ ಹುಡುಗರು ಗಾಡಿಯಿಂದ ಕಟರ್ ತಂದು ಕೊಂಡಿ ಕತ್ತರಿಸುವವರೆಗೂ ಒಬ್ಬ ಹುಡುಗಿ ಕಂಬಿ ಸಂದಿಯಿಂದ ಕೈ ಚಾಚಿ ನನ್ನ ಯೂನಿಫಾರಂ ತೋಳು ಹಿಡಿದುಕೊಂಡಿದ್ದಳು. ಬೀಗ ಬಿದ್ದ ಮೇಲೂ ಬಿಡಲಿಲ್ಲ. ಎಲ್ಲರೂ ಬದುಕಿದರು. ನನ್ನ ತೋಳಿನ ಗುಂಡಿ ಮಾತ್ರ ಹೋಯಿತು.

ಅದಕ್ಕೇ ಹೇಳೋದು, ಮಗಳಿಗೆ ಫೋನ್ ಮಾಡಿ ಇವತ್ತೇ ರಾತ್ರಿ ಹತ್ತೂವರೆಗೆ ಕೆಳಗಿಳಿದು ಕೀ ಎಲ್ಲಿದೆ ಅಂತ ನೋಡಿ ಬರಲು ಹೇಳಿ. ಹಗಲು ಹೊತ್ತು ಕೇಳಿದರೆ ‘ಇಲ್ಲೇ ಇರುತ್ತೆ ಮೇಡಂ’ ಅಂತಾರೆ. ರಾತ್ರಿ ನೋಡಿದರೆ ನಿಜ ಗೊತ್ತಾಗುತ್ತದೆ. ಕೀ ಇಟ್ಟುಕೊಂಡವರು ಒಳಗೇ ಮಲಗಬೇಕು. ಇನ್ನೊಂದು ಕೀ ಗೇಟಿನ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ನೇತಾಡಬೇಕು. ಇದಕ್ಕಿಂತ ಒಳ್ಳೇದು ಅಂದರೆ ನೈಟ್ ಲ್ಯಾಚ್. ಹೊರಗಿನವರಿಗೆ ಕೀ ಬೇಕು, ಒಳಗಿನವರಿಗೆ ಕೈಯಲ್ಲಿ ತಿರುಗಿಸಿದರೆ ಸಾಕು. ಕಳ್ಳನೂ ಬರಲ್ಲ, ಮಗಳೂ ಸಿಕ್ಕಿಹಾಕಿಕೊಳ್ಳಲ್ಲ. ಗ್ರಿಲ್‌ಗೂ ಇದೇ ಮಾತು. ಮಹಡಿಗೊಂದು ಕಿಟಕಿಯ ಗ್ರಿಲ್ಲಾದರೂ ಕೀಲು ಹಾಕಿ, ಒಳಗಿನಿಂದ ತೆರೆಯುವ ಹಾಗಿರಲಿ. ಏಣಿ ಹಾಕಿ ಮೇಲೆ ಬಂದ ನಮ್ಮವರಿಗೆ ಕಂಬಿಯ ಹಿಂದೆ ಮುಖ ಕಂಡರೆ ಏನು ಮಾಡೋದು ಹೇಳಿ?

ಇನ್ನೊಂದು, ಟೆರೇಸ್ ಬಾಗಿಲು. ಹೊಗೆ ಮೇಲಕ್ಕೇ ಹೋಗುತ್ತದೆ. ಮೆಟ್ಟಿಲ ಗೂಡೇ ಅದಕ್ಕೆ ಚಿಮಣಿ. ತುದಿಯಲ್ಲಿ ಬೀಗ ಇದ್ದರೆ ಹೊಗೆ ಮೇಲಿನ ಮಹಡಿಯಲ್ಲೇ ತುಂಬಿಕೊಳ್ಳುತ್ತದೆ. ಮೇಲಕ್ಕೆ ಓಡಿದವರೂ ಅಲ್ಲೇ ಸಿಕ್ಕಿಬೀಳುತ್ತಾರೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ 9 ಜನ ಸತ್ತರು. ವೈರುಗಳು ಹೋಗುವ ಡಕ್ಟ್‌ನಲ್ಲಿ ಹುಟ್ಟಿದ ಹೊಗೆ ಮೇಲಿನ ಮಹಡಿಗಳನ್ನೆಲ್ಲ ತುಂಬಿತ್ತು. ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು. ಅದು ಆಫೀಸು ಕಟ್ಟಡ, ಹಗಲು ಹೊತ್ತು, ಎಲ್ಲರೂ ಎಚ್ಚರವಾಗಿದ್ದರು. ಪಿಜಿಯಲ್ಲಿ ರಾತ್ರಿ ಎಲ್ಲರೂ ಮಲಗಿರುತ್ತಾರೆ ಅಲ್ವಾ?

ಪ್ರಶ್ನೆ: ನಾನು ಪಿಜಿ ನಡೆಸುವವನು. ಟೆರೇಸಿಗೆ ಬೀಗ ಹಾಕದಿದ್ದರೆ ಹುಡುಗರು ಅಲ್ಲಿ ಸಿಗರೇಟು, ಬೀರು ಶುರು ಮಾಡುತ್ತಾರೆ. ನಾಳೆ ಒಬ್ಬ ಬಿದ್ದರೆ ನನ್ನ ತಲೆಗೇ ಬರುತ್ತದೆ. ಎಕ್ಸ್‌ಟಿಂಗ್ವಿಷರ್ ಇಟ್ಟಿದ್ದೇನೆ, ಸಾಲದಾ?
– ಪಿಜಿ ಮಾಲೀಕ, ಬೆಂಗಳೂರು

ಉತ್ತರ: ಯಜಮಾನರೇ, ನಿಮ್ಮ ಕಷ್ಟ ಸುಳ್ಳಲ್ಲ. ಹುಡುಗರ ಪರ ವಾದ ಮಾಡಲು ನಾನೂ ಬಂದಿಲ್ಲ. ಟೆರೇಸಿಗೆ ಬೀಗದ ಬದಲು ಚಿಲಕ ಇಡಿ. ಚಿಲಕಕ್ಕೆ ಕರೆಂಟ್ ಮೀಟರಿಗೆ ಹಾಕುತ್ತಾರಲ್ಲ, ಆ ಥರದ ಒಂದು ಪ್ಲಾಸ್ಟಿಕ್ ಸೀಲ್ ಕಟ್ಟಿ. ಎಳೆದರೆ ಕಿತ್ತು ಬರುತ್ತದೆ. ಕಿತ್ತಿದ್ದರೆ ಬೆಳಿಗ್ಗೆ ನಿಮಗೆ ಗೊತ್ತಾಗುತ್ತದೆ, ದಂಡ ಹಾಕಿ. ಇನ್ನೂ ಗಟ್ಟಿ ಬೇಕು ಅಂದರೆ, ಬಾಗಿಲು ತೆರೆದ ಕೂಡಲೇ ಕಿರುಚುವ ಅಲಾರಂ ಸಿಗುತ್ತದೆ.

ಎಕ್ಸ್‌ಟಿಂಗ್ವಿಷರ್ ವಿಷಯ. ನಾನು ನೋಡಿದ ಪಿಜಿಗಳಲ್ಲಿ ಅದು ಚಪ್ಪಲಿ ಸ್ಟ್ಯಾಂಡಿನ ಹಿಂದೆ ಇತ್ತು, ಬಾಗಿಲಿಗೆ ಅಡ್ಡ ಇತ್ತು, ಒಂದು ಕಡೆ ಅದರ ಕತ್ತಿನ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು. ಪುಡಿ ತುಂಬಿದ ಕೆಂಪು ಸಿಲಿಂಡರಿನ ಮೇಲೆ ಒಂದು ಸಣ್ಣ ಮೀಟರ್ ಇರುತ್ತದೆ. ಮುಳ್ಳು ಹಸಿರಿನಲ್ಲಿ ಇರಬೇಕು. ಕರಿ ಕಹಳೆ ಇರುವ ಕಾರ್ಬನ್ ಡೈಆಕ್ಸೈಡ್ (ಸಿಓಟು) ಸಿಲಿಂಡರಿನಲ್ಲಿ ಮೀಟರ್ ಇರಲ್ಲ, ಅದನ್ನು ತೂಕ ಮಾಡಿಯೇ ನೋಡಬೇಕು. ಆರು ಕೆಜಿ ಪುಡಿ ಇಪ್ಪತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿ. ಕಸದ ಬುಟ್ಟಿಯ ಬೆಂಕಿಗೆ ಸಾಕು, ರೂಮು ಹತ್ತಿಕೊಂಡರೆ ಸಾಲದು. ಉಪಯೋಗಿಸುವವರು ಬಾಗಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಪಿನ್ ಎಳೆದು ಜ್ವಾಲೆಯ ಬುಡಕ್ಕೆ ಹೊಡೆಯಬೇಕು. ಆರಲಿಲ್ಲ ಅಂದರೆ ಬಿಟ್ಟು ಹೊರಗೆ ಬರಬೇಕು.

2024ರಲ್ಲಿ ಆಗಿನ ಬಿಬಿಎಂಪಿ ಪಿಜಿಗಳಿಗೆ ನಿಯಮ ಮಾಡಿದಾಗ ತಲೆಗೆ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು ಅಂತ ಲೆಕ್ಕ ಕೊಟ್ಟಿತು. ನೀರಿನ ಲೆಕ್ಕ ಎಲ್ಲ ಮಾಲೀಕರ ಬಾಯಲ್ಲೂ ಇದೆ. ಮೆಟ್ಟಿಲ ಲೆಕ್ಕ ಕೇಳಿದರೆ ಸುಮ್ನಾಗುತ್ತಾರೆ. ಸುಮ್ನೆ ಒಮ್ಮೆ ನಿಮ್ಮ ಮೆಟ್ಟಿಲ ಕೆಳಗೆ ಬಗ್ಗಿ ನೋಡಿ. ಮೀಟರ್ ಬೋರ್ಡು, ಖಾಲಿ ಸಿಲಿಂಡರು, ಹರಿದ ಹಾಸಿಗೆ, ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರು ಇದ್ದೇ ಇರುತ್ತವೆ. ಇಡೀ ಕಟ್ಟಡಕ್ಕೆ ಇರುವುದು ಒಂದೇ ಮೆಟ್ಟಿಲು, ಹತ್ತಿಕೊಳ್ಳುವುದೆಲ್ಲ ಅದರ ಕೆಳಗೇ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ಒಂದು ಕಟ್ಟಡದ ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಶೋರೂಮ್, ಮೇಲೆ ಲಾಡ್ಜು. ಬೆಂಕಿ ಕೆಳಗೆ, ಸತ್ತ 8 ಜನ ಮೇಲಿದ್ದವರು. ಸ್ಕೂಟರನ್ನು ಕಾಂಪೌಂಡ್ ಹತ್ತಿರ, ಬಯಲಿನಲ್ಲಿ ಚಾರ್ಜ್ ಮಾಡಿಸಿ. ಇದಕ್ಕೆ ದುಡ್ಡೂ ಬೇಕಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ವಾಟರ್ ಹೀಟರ್ ರಾಡ್ ಹಾಕಿದರೆ ವಾರ್ಡನ್ ಕಿತ್ತುಕೊಳ್ಳುತ್ತಾರೆ. ಮೊಬೈಲ್ ಚಾರ್ಜರ್ ಹಾಕಿದರೆ ಮಾತಾಡಲ್ಲ. ಎರಡೂ ಕರೆಂಟೇ ಅಲ್ವಾ ಸಾರ್?
– ವಿದ್ಯಾರ್ಥಿ, ಧಾರವಾಡ

ಉತ್ತರ: ಲೆಕ್ಕ ಮಾಡು ತಮ್ಮಾ. ನಿನ್ನ ಮಂಚದ ಪಕ್ಕದ ಸಣ್ಣ ಸಾಕೆಟ್ಟು 6 ಆಂಪಿಯರಿಂದು. 230 ವೋಲ್ಟಿಗೆ ಗುಣಿಸಿದರೆ 1380 ವಾಟ್. ನಿನ್ನ ರಾಡು 1500. ರೂಮ್‌ಮೇಟ್ ಅದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಮ್ಯಾಗಿ ಮಾಡಲು ಕೆಟಲ್ ಹಾಕಿದರೆ ಅದಕ್ಕೆ ಡಬಲ್. ವೈರು ಗೋಡೆಯೊಳಗೇ ಬಿಸಿಯಾಗುತ್ತದೆ, ನಿನಗೆ ಕಾಣಲ್ಲ. ಪ್ಲಗ್ ತೆಗೆದಾಗ ಪಿನ್ ಬಿಸಿ ಇದ್ದರೆ, ಸಾಕೆಟ್ಟಿನ ತೂತಿನ ಸುತ್ತ ಕಂದು ಬಣ್ಣ ಬಂದಿದ್ದರೆ ಅದು ಕೊನೆಯ ನೋಟೀಸು ಅಂದುಕೋ. ಲೋಡ್ ಹೆಚ್ಚಾದರೆ ತಾನೇ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ಚು ಪದೇ ಪದೇ ಬೀಳುತ್ತೆ ಅಂತ ದೊಡ್ಡದು ಹಾಕಿಸುವವರೂ ಇದ್ದಾರೆ. ನಾಯಿ ಬೊಗಳುತ್ತೆ ಅಂತ ಬಾಯಿ ಕಟ್ಟಿ ಮಲಗಿದ ಹಾಗೆ ಅದು.

ಒಬ್ಬ ಹುಡುಗ ಬಕೆಟ್ಟಿಗೆ ರಾಡ್ ಇಟ್ಟು, ಐದು ನಿಮಿಷ ಅಂತ ಹೊದ್ದುಕೊಂಡಿದ್ದ. ನಾವು ಹೋದಾಗ ಬಕೆಟ್ಟು ನೆಲಕ್ಕೆ ರೊಟ್ಟಿಯ ಹಾಗೆ ಅಂಟಿತ್ತು, ಪಕ್ಕದ ಹಾಸಿಗೆ ಅರ್ಧ ಇರಲಿಲ್ಲ. ಹುಡುಗನಿಗೆ ಏನೂ ಆಗಿರಲಿಲ್ಲ, ಎದ್ದು ಓಡಿದ್ದ. ವಾರ್ಡನ್‌ಗೆ ಬೈಯುವ ಬದಲು ಎಲ್ಲರೂ ಸೇರಿ ಬಿಸಿನೀರು ಕೇಳಿ. ಬಿಸಿನೀರು ಕೊಡದೆ ರಾಡ್ ಮಾತ್ರ ಕಿತ್ತುಕೊಳ್ಳುವ ಹಾಸ್ಟೆಲ್ಲಿನದ್ದೂ ತಪ್ಪಿದೆ, ಅದನ್ನು ಹೇಳದೆ ಬಿಡಲ್ಲ.

ಪ್ರಶ್ನೆ: ಬೆಳಿಗ್ಗೆ ಅಡುಗೆಮನೆ ಬಾಗಿಲು ತೆಗೆದಾಗ ಗ್ಯಾಸ್ ವಾಸನೆ ಬಂದರೆ ಎಕ್ಸಾಸ್ಟ್ ಫ್ಯಾನ್ ಹಾಕಬೇಕಾ?
– ಹಾಸ್ಟೆಲ್ ಅಡುಗೆಯವರು, ಕಲಬುರಗಿ

ಉತ್ತರ: ಹಾಕಬೇಡಿ ಅಣ್ಣಾ. ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಹಾಕೋದೂ ಬೇಡ, ಆರಿಸೋದೂ ಬೇಡ. ಸ್ವಿಚ್ಚಿನ ಒಂದು ಕಿಡಿ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ನೀರಿನ ಹಾಗೆ ಹರಡಿರುತ್ತದೆ. ಬಾಗಿಲು, ಕಿಟಕಿ ತೆಗೆಯಿರಿ, ರೆಗ್ಯುಲೇಟರ್ ಬಂದ್ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ. ಆಮೇಲೆ ಹೊರಗೆ ನಿಂತು 1906ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಹಾಸ್ಟೆಲ್‌ನಲ್ಲಿ ಫೈರ್ ಡ್ರಿಲ್ ಮಾಡಿದರು. ಎಲ್ಲರೂ ನಗುತ್ತಾ ರೀಲ್ಸ್ ಮಾಡಿಕೊಂಡರು. ನಿಜವಾಗಿ ಹೊಗೆ ಬಂದರೆ ಏನು ಮಾಡಬೇಕು ಅಂತ ಈಗಲೂ ಗೊತ್ತಿಲ್ಲ.
– ವಿದ್ಯಾರ್ಥಿನಿ, ಮೈಸೂರು

ಉತ್ತರ: ನಗಲಿ ಬಿಡಮ್ಮಾ, ನಮ್ಮ ಟ್ರೈನಿಂಗ್‌ನಲ್ಲಿ ನಾವೂ ನಕ್ಕಿದ್ದೇವೆ. ಆದರೆ ಹಗಲು ಹನ್ನೊಂದಕ್ಕೆ ಮಾಡಿದ ಡ್ರಿಲ್ಲು ಅರ್ಧ ಡ್ರಿಲ್ಲು. ಒಂದು ರಾತ್ರಿ ಲೈಟ್ ಆರಿಸಿ ಮಾಡಿಸಿ.

ಒಂದು ಕಡೆ ಬೆಂಕಿ ಆರಿದ ಮೇಲೆ ಕಾರಿಡಾರಿನಲ್ಲಿ ಟಾರ್ಚ್ ಹಿಡಿದು ನಡೆದೆ. ಮಸಿ ಕೂತ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಅಂಗೈ ಗುರುತುಗಳು. ಒಬ್ಬ ಹುಡುಗ ತೆವಳಿಕೊಂಡು ಹೋಗಿದ್ದಾನೆ, ಅಷ್ಟು ಸರಿಯಾಗಿಯೇ ಮಾಡಿದ್ದ. ಗುರುತು ಮೆಟ್ಟಿಲ ಬಾಗಿಲಿನವರೆಗೆ ಬಂತು. ಅಲ್ಲಿ ನಿಲ್ಲಲಿಲ್ಲ, ಮುಂದೆ ಹೋಯಿತು. ಕಾರಿಡಾರಿನ ಕೊನೆಯಲ್ಲಿ ಬಟ್ಟೆ ಒಗೆಯುವ ಜಾಗದಲ್ಲಿ ಸಿಕ್ಕ. ಅಲ್ಲಿ ಕಿಟಕಿ ಇತ್ತು, ಬದುಕಿದ. ಆಸ್ಪತ್ರೆಯಲ್ಲಿ ಹೇಳಿದ, ‘ಎರಡು ವರ್ಷ ಓಡಾಡಿದ ದಾರಿ ಸಾರ್, ಬಾಗಿಲೇ ಸಿಗಲಿಲ್ಲ.’

ಅದಕ್ಕೆ ನಿನ್ನ ರೂಮಿನಿಂದ ಮೆಟ್ಟಿಲಿಗೆ ಎಷ್ಟು ಬಾಗಿಲು ಅಂತ ಕೈಯಲ್ಲಿ ಮುಟ್ಟಿ ಎಣಿಸಿಕೋ. ಎಡಕ್ಕೆ ಮೂರೋ, ಬಲಕ್ಕೆ ಐದೋ. ಹೊರಡುವ ಮೊದಲು ಅಂಗೈಯ ಹಿಂಭಾಗದಿಂದ ರೂಮಿನ ಬಾಗಿಲು ಮುಟ್ಟಿ ನೋಡು. ತಣ್ಣಗಿದ್ದು, ಹೊರಗೆ ಹೊಗೆ ತೆಳುವಾಗಿದ್ದರೆ ಬಗ್ಗಿಕೊಂಡು ಕೆಳಗಿಳಿ. ರೂಮಿನ ಬಾಗಿಲು ಎಳೆದುಕೊಂಡು ಹೋಗು, ಲಿಫ್ಟ್ ಬೇಡ, ಲ್ಯಾಪ್‌ಟಾಪ್ ಬೇಡ. ಬಾಗಿಲು ಬಿಸಿ ಇದ್ದರೆ, ಮೆಟ್ಟಿಲು ಕಪ್ಪಗಿದ್ದರೆ ಒಳಗೇ ಇರು. ಬಾಗಿಲ ಸಂದಿಗೆ ಒದ್ದೆ ಬೆಡ್‌ಶೀಟ್ ತುರುಕಿ, ಕಿಟಕಿಯಲ್ಲಿ ಬಟ್ಟೆ ಬೀಸು. ರಾತ್ರಿಯಾದರೆ ಮೊಬೈಲ್ ಟಾರ್ಚು. ಮೂಗಿಗೆ ಒದ್ದೆ ಟವೆಲ್ ಕಟ್ಟಿದರೆ ಮಸಿ ಸ್ವಲ್ಪ ತಡೆಯುತ್ತದೆ, ವಿಷಗಾಳಿ ತಡೆಯಲ್ಲ. ಟವೆಲ್ ನಂಬಿ ಹೊಗೆಗೆ ನುಗ್ಗಬೇಡ. 2019ರಲ್ಲಿ ಸೂರತ್‌ನ ಕೋಚಿಂಗ್ ಸೆಂಟರಿನಲ್ಲಿ 22 ಮಕ್ಕಳು ಹೋದರು. ಮೇಲಿನ ಮಹಡಿಗಿದ್ದ ಮರದ ಮೆಟ್ಟಿಲು ಸುಟ್ಟುಹೋಗಿತ್ತು, ದಾರಿ ಕಾಣದೆ ಹಲವರು ಹಾರಿದರು. ಆ ವಿಡಿಯೋ ನೋಡಿದ ರಾತ್ರಿ ನಾನು ಊಟ ಮಾಡಲಿಲ್ಲ.

ಪ್ರಶ್ನೆ: 101ಕ್ಕೆ ಮಾಡಬೇಕಾ, 112ಕ್ಕಾ? ಫೋನ್ ಎತ್ತಿದರೆ ಏನೇನು ಹೇಳಬೇಕು?
– ವಿದ್ಯಾರ್ಥಿ, ಹಾಸನ

ಉತ್ತರ: ಯಾವುದಾದರೂ ಸರಿ. ಮೊದಲು ಜಾಗ ಹೇಳು. ಏರಿಯಾ, ಕ್ರಾಸ್ ನಂಬರ್, ಹತ್ತಿರದ ದೇವಸ್ಥಾನವೋ ಬೇಕರಿಯೋ. ಆಮೇಲೆ ಎಷ್ಟನೇ ಮಹಡಿ, ಒಳಗೆ ಯಾರಾದರೂ ಸಿಕ್ಕಿಕೊಂಡಿದ್ದಾರಾ ಅಂತ. ‘ಬೇಗ ಬನ್ನಿ’ ಅಂತ ಕೂಗಿ ಕಟ್ ಮಾಡಬೇಡ. ಅವರು ಇಡಲು ಹೇಳುವವರೆಗೂ ಲೈನಿನಲ್ಲಿರು. ಆಮೇಲೆ ಒಬ್ಬನನ್ನು ಕ್ರಾಸಿನ ತುದಿಗೆ ಓಡಿಸು, ಗಾಡಿಗೆ ದಾರಿ ತೋರಿಸಲು. ಉಳಿದವರು ರಸ್ತೆಯಲ್ಲಿ ನಿಲ್ಲಿಸಿದ ಬೈಕುಗಳನ್ನು ಎತ್ತಿ ಪಕ್ಕಕ್ಕಿಡಿ. ಹ್ಯಾಂಡಲ್ ಲಾಕ್ ಆಗಿದ್ದರೂ ನಾಲ್ಕು ಜನ ಸೇರಿದರೆ ಎತ್ತಬಹುದು.